ಕರಪತ್ರಕ್ಕೆ ಮೊದಲು: 2023ರ ಚುನಾವಣೆಯಲ್ಲಿ ಒಂದು ಕ್ಷೇತ್ರದ ಪ್ರಚಾರದ ಮಾತನ್ನು ರೂಪಿಸಿದ ಅನುಭವ

ತೆಂಗಿನ ಸೀಮೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ನಾನು ಮುದ್ರಣಾಲಯ ನಡೆಸುತ್ತ ಬಂದಿದ್ದೇನೆ. ಲಗ್ನಪತ್ರಿಕೆ, ಸಹಕಾರ ಸಂಘಗಳ ವಾರ್ಷಿಕ ವರದಿ, ಜಾತ್ರೆಯ ಆಹ್ವಾನ ಪತ್ರಿಕೆಗಳ ನಡುವೆ ಐದು ವರ್ಷಕ್ಕೊಮ್ಮೆ ಎಲ್ಲ ಪಕ್ಷಗಳ ಕರಪತ್ರಗಳೂ ನಮ್ಮಲ್ಲಿಯೇ ಅಚ್ಚಾಗುತ್ತಿದ್ದವು. 2023ರ ವಿಧಾನಸಭಾ ಚುನಾವಣೆಗೆ ಕೆಲವು ತಿಂಗಳು ಮೊದಲು, ಟಿಕೆಟ್ ಬಹುಮಟ್ಟಿಗೆ ಖಚಿತವಾಗಿದ್ದ ಆಕಾಂಕ್ಷಿಯೊಬ್ಬರು ನನ್ನನ್ನು ಕರೆಸಿಕೊಂಡು, ಈ ಸಲ ಅಚ್ಚಿನ ಕೆಲಸವನ್ನು ಬಿಟ್ಟು, ಅಚ್ಚಿಗೆ ಹೋಗುವ ಮಾತನ್ನು ತಿದ್ದುವ ಹೊಣೆಯನ್ನು ವಹಿಸಿಕೊಳ್ಳಬೇಕೆಂದು ಕೇಳಿದರು. ಮುದ್ರಣಾಲಯವನ್ನು ತಮ್ಮನಿಗೆ ಒಪ್ಪಿಸಿ, ಆ ಅಭ್ಯರ್ಥಿಯ ಯಾವ ಸಾಮಗ್ರಿಯೂ ನಮ್ಮ ಯಂತ್ರದಲ್ಲಿ ಅಚ್ಚಾಗಕೂಡದೆಂಬ ಷರತ್ತಿನ ಮೇಲೆ ಒಪ್ಪಿಕೊಂಡೆ. ಪಕ್ಷ ಯಾವುದೆಂದು ಇಲ್ಲಿ ಬರೆಯುತ್ತಿಲ್ಲ. ಬರೆದರೆ ಓದುಗರಲ್ಲಿ ಕೆಲವರು ಮುಂದಿನದೆಲ್ಲವನ್ನೂ ಮೊದಲೇ ಒಪ್ಪಿಬಿಡುತ್ತಾರೆ, ಕೆಲವರು ಓದುವುದನ್ನೇ ನಿಲ್ಲಿಸುತ್ತಾರೆ.

ನನ್ನ ಕೈಗೆ ಬಂದದ್ದು ಎಂಟು ಪುಟಗಳ ಒಂದು ಕರಡು. ಮೊದಲ ಎರಡು ಪುಟಗಳಲ್ಲಿ ಅಭ್ಯರ್ಥಿಯ ಜೀವನಚರಿತ್ರೆ, ಆಮೇಲೆ ಅವರು ಜೀರ್ಣೋದ್ಧಾರಕ್ಕೆ ನೆರವಾದ ದೇವಸ್ಥಾನಗಳ ಪಟ್ಟಿ, ಕೊನೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಭರವಸೆಗಳು. ರೈತರ ಬೆಳೆಗೆ ವೈಜ್ಞಾನಿಕ ಬೆಲೆ, ಯುವಕರಿಗೆ ಉದ್ಯೋಗ, ಮಹಿಳೆಯರ ಸಬಲೀಕರಣ, ಕೆರೆಗಳ ಅಭಿವೃದ್ಧಿ, ಗುಣಮಟ್ಟದ ರಸ್ತೆ, ಮಾದರಿ ತಾಲ್ಲೂಕು. ಓದುತ್ತಿದ್ದಂತೆ ಇದನ್ನು ಹಿಂದೆಯೇ ಎಲ್ಲೋ ಪ್ರೂಫ್ ತಿದ್ದಿದ್ದೇನೆ ಎಂಬ ಅನುಮಾನ ಬಂತು. ಮುದ್ರಣಾಲಯದ ಅಟ್ಟದಲ್ಲಿ ಹಳೆಯ ಚುನಾವಣೆಗಳ ಮಾದರಿ ಪ್ರತಿಗಳ ಕಟ್ಟುಗಳಿದ್ದವು. ಅವುಗಳಿಂದ 2013 ಮತ್ತು 2018ರ ಮೂರೂ ಪಕ್ಷಗಳ ಕರಪತ್ರಗಳನ್ನು ತೆಗೆದು, ಭರವಸೆಗಳ ಭಾಗವನ್ನಷ್ಟೇ ಚಿಹ್ನೆ, ಹೆಸರು, ಬಣ್ಣ ಯಾವುದೂ ಕಾಣದಂತೆ ಬಿಳಿ ಹಾಳೆಗೆ ಬೆರಳಚ್ಚು ಮಾಡಿಸಿ, ನಮ್ಮ ಹೊಸ ಕರಡನ್ನೂ ಅದೇ ರೀತಿ ಮಾಡಿಸಿ, ಹೋಬಳಿ ಮುಖಂಡರ ಸಭೆಯಲ್ಲಿ ಹಂಚಿದೆ. ನಮ್ಮದು ಯಾವುದೆಂದು ಗುರುತಿಸಿರಿ ಎಂದು ಕೇಳಿದಾಗ ಸಭೆಯಲ್ಲಿ ಮೊದಲು ನಗು ಎದ್ದಿತು, ಸ್ವಲ್ಪ ಹೊತ್ತಿನಲ್ಲಿ ಆ ನಗು ನಿಂತಿತು. ಬಹುಪಾಲು ಜನ ಎದುರಾಳಿಯ ಹಳೆಯ ಹಾಳೆಯನ್ನು ನಮ್ಮದೆಂದು ಎತ್ತಿ ತೋರಿಸಿದರು. ಪಕ್ಷದೊಳಗಿನವರಿಗೇ ಗುರುತು ಸಿಗದ ಮಾತು ಮತದಾರನಿಗೆ ನೆನಪಿರಬೇಕೆಂದು ಬಯಸುವುದರಲ್ಲಿ ಅರ್ಥವಿಲ್ಲ ಎಂಬುದನ್ನು ನಾನು ಬಾಯಿಬಿಟ್ಟು ಹೇಳಬೇಕಾಗಿ ಬರಲಿಲ್ಲ.

ಹಾಗೆಂದು ಎಲ್ಲರೂ ಒಪ್ಪಿದರೆಂದು ತಿಳಿಯಬಾರದು. ಸಭೆಯ ಹಿರಿಯ ಮುಖಂಡರೊಬ್ಬರು, ಚುನಾವಣೆ ಎಂದರೆ ಜಾತಿ ಲೆಕ್ಕ ಮತ್ತು ಕೊನೆಯ ಎರಡು ರಾತ್ರಿಗಳ ಕೆಲಸ, ಕರಪತ್ರವನ್ನು ಯಾರೂ ಓದುವುದಿಲ್ಲ ಎಂದರು. ಅವರ ಮಾತಿನಲ್ಲಿ ಹುರುಳಿರಲಿಲ್ಲವೆಂದು ಹೇಳಲಾರೆ. ನಮ್ಮ ಕ್ಷೇತ್ರದಲ್ಲಿ ಯಾವ ಊರಿನಲ್ಲಿ ಯಾವ ಸಮುದಾಯದ ಎಷ್ಟು ಮನೆಗಳಿವೆ ಎಂಬ ಪಟ್ಟಿ ಪ್ರತಿಯೊಂದು ಪಕ್ಷದ ಕಚೇರಿಯಲ್ಲಿಯೂ ಇದೆ, ಅದನ್ನು ನೋಡದೆ ಯಾರೂ ಟಿಕೆಟ್ ಕೊಡುವುದಿಲ್ಲ. ಆದರೆ ಆ ಪಟ್ಟಿ ಮೂರೂ ಪಕ್ಷಗಳ ಕೈಯಲ್ಲಿರುವಾಗ, ಮೂವರೂ ಅದಕ್ಕೆ ತಕ್ಕಂತೆಯೇ ಅಭ್ಯರ್ಥಿಗಳನ್ನು ಹಾಕಿರುವಾಗ, ಉಳಿದ ಅಂತರವನ್ನು ತುಂಬುವುದು ಯಾವುದು ಎಂದು ಕೇಳಿದೆ. ಅದಕ್ಕೆ ಅವರು ಉತ್ತರಿಸಲಿಲ್ಲ. ಆದರೆ ಅಂದಿನಿಂದ ನನ್ನ ಕೆಲಸಕ್ಕೆ ಅಡ್ಡಿ ಮಾಡಲೂ ಇಲ್ಲ.

ನಂತರದ ವಾರಗಳನ್ನು ಕೇಳಿಸಿಕೊಳ್ಳುವುದಕ್ಕೆ ಮೀಸಲಿಟ್ಟೆವು. ಬೆಳಿಗ್ಗೆ ಹಾಲಿನ ಡೇರಿಯ ಮುಂದೆ, ವಾರದ ಸಂತೆಯಲ್ಲಿ, ಎಪಿಎಂಸಿ ಪ್ರಾಂಗಣದಲ್ಲಿ, ಸ್ತ್ರೀಶಕ್ತಿ ಸಂಘಗಳ ಸಭೆಗಳಲ್ಲಿ ಸುಮ್ಮನೆ ಕುಳಿತು ಮಾತಿಗೆ ಎಳೆಯುವುದು ನಮ್ಮ ಕೆಲಸ. ಯಾರಿಗೆ ಮತ ಹಾಕುತ್ತೀರಿ, ಸಮಸ್ಯೆ ಏನು ಎಂಬ ಎರಡು ಪ್ರಶ್ನೆಗಳನ್ನು ಕೇಳಕೂಡದೆಂದು ತಂಡದ ಹುಡುಗರಿಗೆ ಮೊದಲೇ ಹೇಳಿದ್ದೆ. ಮೊದಲನೆಯ ಪ್ರಶ್ನೆಗೆ ಎಲ್ಲರೂ ಎದುರಿಗಿದ್ದವರ ಪಕ್ಷವನ್ನೇ ಹೇಳುತ್ತಾರೆ. ಎರಡನೆಯದಕ್ಕೆ ರಸ್ತೆ, ನೀರು, ಕರೆಂಟು ಎಂಬ ಕಂಠಪಾಠವಾದ ಉತ್ತರ ಬರುತ್ತದೆ. ಅದರ ಬದಲು, ಕಳೆದ ಸಲ ಸರ್ಕಾರಿ ಕಚೇರಿಗೆ ಹೋದದ್ದು ಯಾವ ಕೆಲಸಕ್ಕೆ, ಆ ಕೆಲಸ ಆಯಿತೇ ಎಂದು ಕೇಳುತ್ತಿದ್ದೆವು. ಈ ಪ್ರಶ್ನೆಗೆ ಕಂಠಪಾಠದ ಉತ್ತರವಿಲ್ಲ.

ನಿರೀಕ್ಷೆಯಂತೆ ಮೊದಲು ಎದ್ದು ಬಂದದ್ದು ಕೊಬ್ಬರಿ. ನಮ್ಮ ಸೀಮೆಯ ಉಂಡೆ ಕೊಬ್ಬರಿ ಒಂದೆರಡು ತಿಂಗಳಲ್ಲಿ ಆಗುವ ಮಾಲಲ್ಲ. ಬಲಿತ ಕಾಯಿಯನ್ನು ಅಟ್ಟಕ್ಕೆ ಹಾಕಿ, ಒಳಗಿನ ನೀರು ಪೂರ್ತಿ ಇಂಗುವವರೆಗೆ ಹೆಚ್ಚುಕಡಿಮೆ ಒಂದು ವರ್ಷ ಕಾಯಬೇಕು. ಈ ವರ್ಷ ಮಾರುವ ಕೊಬ್ಬರಿ ಹೋದ ವರ್ಷದ ಫಸಲು; ಅಂದರೆ ರೈತ ಒಂದು ವರ್ಷದ ಬದುಕನ್ನು ಅಟ್ಟದ ಮೇಲಿಟ್ಟು ಪ್ರತಿದಿನ ಧಾರಣೆ ನೋಡುತ್ತಿರುತ್ತಾನೆ. 2023ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಲ್‌ಗೆ 11,750 ರೂಪಾಯಿ ಬೆಂಬಲ ಬೆಲೆ ಘೋಷಿಸಿತ್ತು, ಮಾರುಕಟ್ಟೆಯ ಬೆಲೆ ಅದಕ್ಕಿಂತ ಕೆಳಗೆ ಇಳಿಯುತ್ತಿತ್ತು. ಹಾಗಾಗಿ ಎಲ್ಲ ಪಕ್ಷಗಳ ಭಾಷಣಗಳಲ್ಲಿಯೂ ಕೊಬ್ಬರಿ ಬೆಲೆಯೇ ಮುಖ್ಯ ವಿಷಯವಾಗಿತ್ತು. ಒಬ್ಬರು ಬೆಲೆ ಏರಿಸಬೇಕೆಂದರು, ಇನ್ನೊಬ್ಬರು ಆಮದಿನಿಂದ ಹೀಗಾಯಿತೆಂದರು, ಮತ್ತೊಬ್ಬರು ಹೋರಾಟ ಮಾಡುತ್ತೇವೆಂದರು.

ಆದರೆ ಎಪಿಎಂಸಿ ಪ್ರಾಂಗಣದಲ್ಲಿ ಕುಳಿತು ಕೇಳಿದಾಗ ಬೇರೊಂದು ಮಾತು ಹೊರಬಿತ್ತು. ಬೆಂಬಲ ಬೆಲೆಗೆ ಕೇಂದ್ರದ ಪರವಾಗಿ ಕೊಳ್ಳುವ ಸಹಕಾರ ಸಂಸ್ಥೆಯಾದ ನಾಫೆಡ್ ಮೂಲಕ ಖರೀದಿ ನಡೆಯುತ್ತಿದ್ದರೂ ಹಲವರು ಅಲ್ಲಿಗೆ ಹೋಗದೆ ವರ್ತಕರಿಗೇ ಕಡಿಮೆ ಬೆಲೆಗೆ ಹಾಕುತ್ತಿದ್ದರು. ಏಕೆಂದು ಕೇಳಿದರೆ, ‘ಪಹಣಿ ಇನ್ನೂ ನಮ್ಮಪ್ಪನ ಹೆಸರಲ್ಲೇ ಐತೆ ಕಣಣ್ಣ, ಅವರು ಹೋಗಿ ಎಷ್ಟೋ ವರ್ಷ ಆಯ್ತು’ ಎಂದರು ಒಬ್ಬರು. ಖರೀದಿ ಕೇಂದ್ರದಲ್ಲಿ ಮಾರಲು ರೈತರ ವಿವರ ದಾಖಲಿಸುವ ಸರ್ಕಾರದ ಫ್ರೂಟ್ಸ್ ತಂತ್ರಾಂಶದಲ್ಲಿ ರೈತನ ನೋಂದಣಿ ಇರಬೇಕು, ನೋಂದಣಿಗೆ ಜಮೀನಿನ ದಾಖಲೆಯಾದ ಪಹಣಿ ಆತನ ಹೆಸರಿನಲ್ಲಿರಬೇಕು, ಪಹಣಿ ಬದಲಾಗಲು ಪೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರಿನ ಜಮೀನನ್ನು ವಾರಸುದಾರರ ಹೆಸರಿಗೆ ದಾಖಲಿಸುವ ಕೆಲಸ, ಆಗಬೇಕು, ಪೌತಿ ಖಾತೆಗೆ ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷ ಬೇಕು, ಹಿಂದೆ ತೀರಿಕೊಂಡವರ ಮರಣವನ್ನು ನೋಂದಾಯಿಸದೆ ಬಿಟ್ಟಿದ್ದರೆ ಆಗ ಅದಕ್ಕೆ ನ್ಯಾಯಾಲಯದ ಆದೇಶವನ್ನೇ ತರಬೇಕಾಗಿತ್ತು. ಬೆಳೆ ಪರಿಹಾರ, ಬ್ಯಾಂಕಿನ ಸಾಲ, ಕೃಷಿ ಇಲಾಖೆಯ ಸಹಾಯಧನ ಎಲ್ಲವೂ ಇದೇ ಬಾಗಿಲಿನಲ್ಲಿ ನಿಲ್ಲುತ್ತಿದ್ದವು. ಒಂದು ಹೋಬಳಿಯಲ್ಲಿ ಕೇಳಿದ್ದನ್ನು ಇನ್ನೊಂದರಲ್ಲಿ ಪರೀಕ್ಷಿಸಿ ನೋಡಿದಾಗಲೂ ಅದೇ ಕತೆ. ಇಷ್ಟು ದೊಡ್ಡ ತೊಡಕು ಯಾವ ಪಕ್ಷದ ಕರಪತ್ರದಲ್ಲಿಯೂ ಇರಲಿಲ್ಲ. ಏಕೆಂದರೆ ಅದನ್ನು ಸಮಸ್ಯೆಯೆಂದು ಯಾರೂ ಹೇಳಿರಲಿಲ್ಲ, ತಮ್ಮ ಮನೆಯ ಅಸಡ್ಡೆಯೆಂದು ತಿಳಿದು ಸುಮ್ಮನಿದ್ದರು.

ಹೆಂಗಸರ ಸಭೆಗಳಲ್ಲಿ ಬಂದ ಮಾತುಗಳು ಬೇರೆ. ಅಡುಗೆ ಅನಿಲದ ಸಿಲಿಂಡರ್ ಮಾರ್ಚ್‌ನಲ್ಲಿ 1,100 ರೂಪಾಯಿ ದಾಟಿತ್ತು; ವಾರವಾರ ಕಟ್ಟಬೇಕಾದ ಮೈಕ್ರೋಫೈನಾನ್ಸ್ ಕಂತಿನ ಭಯ ಎಲ್ಲರ ಮಾತಿನಲ್ಲಿತ್ತು; ಡೇರಿಗೆ ಹಾಲು ಹಾಕುವವರು ಲೀಟರಿಗೆ 5 ರೂಪಾಯಿಯ ಪ್ರೋತ್ಸಾಹಧನ ಖಾತೆಗೆ ಬಂದಿದೆಯೇ ಎಂದು ಪಾಸ್‌ಬುಕ್ ತೋರಿಸಿ ಕೇಳುತ್ತಿದ್ದರು. ಏಪ್ರಿಲ್ ಮೊದಲ ವಾರದಲ್ಲಿ ಅಮುಲ್ ಬೆಂಗಳೂರಿಗೆ ಬರುವುದಾಗಿ ಪ್ರಕಟಿಸಿದಾಗ ನಂದಿನಿಯ ಹೆಸರಿನಲ್ಲಿ ರಾಜ್ಯವೆಲ್ಲ ಗದ್ದಲವೆದ್ದಿತು. ನಮ್ಮ ತಂಡದ ಹುಡುಗರೂ ಅದರ ಮೇಲೊಂದು ಪೋಸ್ಟರ್ ಮಾಡೋಣವೆಂದು ಹಠ ಹಿಡಿದರು. ಡೇರಿಯ ಮುಂದೆ ಹೋಗಿ ವಿಚಾರಿಸಿದರೆ, ಹಾಲು ಹಾಕುವವರು ಅಮುಲ್ ಬಗ್ಗೆ ನಾವು ಕೇಳಿದ ಮೇಲಷ್ಟೇ ಮಾತಾಡಿದರು, ಪ್ರೋತ್ಸಾಹಧನದ ಬಗ್ಗೆ ಕೇಳದೆಯೇ ಮಾತಾಡಿದರು. ಪೋಸ್ಟರ್ ಮಾಡಲಿಲ್ಲ.

ಜನರಿಂದ ಕೇಳಿದ್ದೆಲ್ಲವನ್ನೂ ಹಾಗೆಯೇ ಬರೆದರೆ ಮತ್ತೆ ಎಂಟು ಪುಟವಾಗುತ್ತದೆ. ಜರಡಿ ಹಿಡಿಯುವಾಗ ಪ್ರತಿಯೊಂದು ಮಾತಿಗೂ ಕೆಲವು ಪ್ರಶ್ನೆಗಳನ್ನು ಹಾಕಿದೆವು. ಇದನ್ನು ಎದುರಾಳಿಯೂ ಇದೇ ಪದಗಳಲ್ಲಿ ಹೇಳಬಹುದೇ? ಯಾರಿಗೆ, ಎಷ್ಟು, ಯಾವಾಗ ಎಂಬುದು ಅದರಲ್ಲಿದೆಯೇ? ಒಬ್ಬ ಶಾಸಕನ ಕೈಯಲ್ಲಿ ಇದು ಆಗುವಂಥದ್ದೇ? ಕೇಳಿದವರು ಮನೆಗೆ ಹೋಗಿ, ನಾವ್ಯಾರೂ ಇಲ್ಲದಾಗ, ತಮ್ಮ ಮಾತಿನಲ್ಲಿ ಇದನ್ನು ಇನ್ನೊಬ್ಬರಿಗೆ ಹೇಳಬಲ್ಲರೇ? ಕೊನೆಯ ಪ್ರಶ್ನೆಯೇ ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು. ಅಭ್ಯರ್ಥಿ ಒಂದು ಊರಿನಲ್ಲಿ ಇರುವುದು ಅರ್ಧ ಗಂಟೆ. ಉಳಿದ ಹೊತ್ತೆಲ್ಲ ಆ ಊರಿನಲ್ಲಿ ಪ್ರಚಾರ ನಡೆಯುವುದು ಅರಳಿಕಟ್ಟೆಯ ಮೇಲೆ, ಬಸ್ಸಿನಲ್ಲಿ, ಬಟ್ಟೆ ಒಗೆಯುವಲ್ಲಿ. ಅಲ್ಲಿ ಬಾಳದ ಮಾತಿಗೆ ಎಷ್ಟು ಬಣ್ಣದ ಕಾಗದ ಹಾಕಿದರೂ ದಂಡ.

ರಾಜ್ಯಮಟ್ಟದಲ್ಲಿ ಆಗ ನಡೆಯುತ್ತಿದ್ದುದನ್ನು ಈ ದೃಷ್ಟಿಯಿಂದ ನೋಡಿದರೆ ಹಲವು ಸಂಗತಿಗಳು ಸ್ಪಷ್ಟವಾಗುತ್ತಿದ್ದವು. ಕಾಂಗ್ರೆಸ್ ತನ್ನ ಗ್ಯಾರಂಟಿಗಳನ್ನು ಒಂದೇ ದಿನ ಒಟ್ಟಿಗೆ ಬಿಡಲಿಲ್ಲ. 200 ಯೂನಿಟ್ ಉಚಿತ ವಿದ್ಯುತ್ತಿನ ಗೃಹಜ್ಯೋತಿಯನ್ನೂ, ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿಯ ಗೃಹಲಕ್ಷ್ಮಿಯನ್ನೂ ಜನವರಿಯಲ್ಲಿ ಘೋಷಿಸಿ, ತಲೆಗೆ 10 ಕಿಲೋ ಅಕ್ಕಿಯನ್ನು ಫೆಬ್ರುವರಿಯಲ್ಲಿ, ನಿರುದ್ಯೋಗಿ ಪದವೀಧರರಿಗೆ 3,000 ಹಾಗೂ ಡಿಪ್ಲೊಮಾ ಮಾಡಿದವರಿಗೆ 1,500 ರೂಪಾಯಿಯ ಯುವನಿಧಿಯನ್ನು ಮಾರ್ಚ್‌ನಲ್ಲಿ, ಮಹಿಳೆಯರಿಗೆ ಉಚಿತ ಬಸ್ ಪ್ರಯಾಣವನ್ನು ಏಪ್ರಿಲ್ ಕೊನೆಯಲ್ಲಿ ಹೇಳಿತು. ಒಂದೊಂದರಲ್ಲೂ ಅಂಕಿಯೋ ಪಡೆಯುವವರ ಗುರುತೋ ಖಚಿತವಾಗಿತ್ತು. ಗ್ಯಾರಂಟಿ ಕಾರ್ಡ್ ಮನೆಗೇ ಬರುತ್ತಿತ್ತು. ಬಿಜೆಪಿಯ ಪ್ರಣಾಳಿಕೆಯಲ್ಲಿಯೂ ಅಂಥ ಖಚಿತ ಮಾತುಗಳಿದ್ದವು: ಬಿಪಿಎಲ್ ಕುಟುಂಬಕ್ಕೆ ದಿನಕ್ಕೆ ಅರ್ಧ ಲೀಟರ್ ನಂದಿನಿ ಹಾಲು, ಯುಗಾದಿ, ಗಣೇಶ ಚತುರ್ಥಿ, ದೀಪಾವಳಿಗೆ ಒಂದೊಂದು ಉಚಿತ ಸಿಲಿಂಡರ್. ಸಿಲಿಂಡರಿನ ಮಾತಂತೂ ಹಬ್ಬಗಳ ಹೆಸರಿನಿಂದಾಗಿ ಬಹಳ ಚೆನ್ನಾಗಿ ನೆನಪಿನಲ್ಲಿ ಉಳಿಯುವಂತಿತ್ತು. ಆದರೆ ಅದು ಹೊರಬಂದದ್ದು ಮೇ 1ರಂದು, ಮತದಾನ ಮೇ 10ಕ್ಕೆ. ಒಂದು ಮಾತು ಬಾಯಿಂದ ಬಾಯಿಗೆ ಹೋಗಿ ಪಕ್ವವಾಗಲು ಆ ಕಾಲ ಸಾಲದು ಎಂದು ನನ್ನ ಅಭಿಪ್ರಾಯ. ಜೆಡಿಎಸ್‌ನ ಪಂಚರತ್ನದಲ್ಲಿ ಶಿಕ್ಷಣ, ಆರೋಗ್ಯ, ಕೃಷಿ, ಉದ್ಯೋಗ, ವಸತಿ ಎಂಬ ಐದು ಕ್ಷೇತ್ರಗಳಿದ್ದವು, ಯಾತ್ರೆಯೂ ಬಹಳ ಮೊದಲೇ ಆರಂಭವಾಗಿತ್ತು. ಆದರೆ ಸಂತೆಯಲ್ಲಿ ಕೇಳಿದರೆ ಜನರಿಗೆ ಯಾತ್ರೆ ನೆನಪಿತ್ತು, ಕ್ರೇನಿನಲ್ಲಿ ಎತ್ತಿದ ಹಾರಗಳು ನೆನಪಿದ್ದವು, ಐದು ರತ್ನಗಳಲ್ಲಿ ಎರಡರ ಮೇಲೆ ಹೇಳುವವರು ವಿರಳ. ಆರೋಪದ ಮಾತಿಗೂ ಇದೇ ನಿಯಮ ಅನ್ವಯಿಸುತ್ತದೆ. ಗುತ್ತಿಗೆದಾರರ ಸಂಘ 2021ರಲ್ಲಿ ಪ್ರಧಾನಿಗೆ ಬರೆದ ಪತ್ರದಿಂದ ಹೊರಟ, ಸರ್ಕಾರಿ ಕಾಮಗಾರಿಗೆ 40 ಪರ್ಸೆಂಟ್ ಕಮಿಷನ್ ಎಂಬ ಆರೋಪ, 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಗೋಡೆಗಳ ಮೇಲೆ ಮುಖ್ಯಮಂತ್ರಿಯನ್ನು ಅಣಕಿಸುವ ಪೇಸಿಎಂ ಪೋಸ್ಟರ್ ಆಗಿ, ಕೊನೆಗೆ ನಮ್ಮೂರಿನ ಚಹಾದಂಗಡಿಯಲ್ಲಿ ಗಾದೆಯಷ್ಟು ಸಲೀಸಾಗಿ ಬಳಕೆಯಾಗುತ್ತಿತ್ತು. ಭ್ರಷ್ಟಾಚಾರ ಮಿತಿಮೀರಿದೆ ಎಂಬ ಸಾಮಾನ್ಯ ವಾಕ್ಯಕ್ಕೆ ಆ ಓಟ ಎಂದೂ ಬರುತ್ತಿರಲಿಲ್ಲ. ಇಷ್ಟರಿಂದಲೇ ಫಲಿತಾಂಶ ನಿರ್ಧಾರವಾಯಿತೆಂದು ನಾನು ವಾದಿಸುವುದಿಲ್ಲ. ಟಿಕೆಟ್ ಹಂಚಿಕೆಯ ಅಸಮಾಧಾನ, ಬಿಜೆಪಿಯಲ್ಲಿದ್ದ ಜಗದೀಶ ಶೆಟ್ಟರ್, ಲಕ್ಷ್ಮಣ ಸವದಿ ಅಂಥವರ ಪಕ್ಷಾಂತರ, ಆಡಳಿತ ವಿರೋಧಿ ಭಾವನೆ ಎಲ್ಲವೂ ಅದರಲ್ಲಿ ಸೇರಿದ್ದವು.

ನಮ್ಮ ಕ್ಷೇತ್ರಕ್ಕೆ ಕೊನೆಗೆ ಉಳಿದದ್ದು ಒಂದು ಮುಖ್ಯ ಮಾತು, ಅದಕ್ಕೆ ಅಂಟಿಕೊಂಡಂತೆ ಇನ್ನೊಂದು. ಪ್ರತಿ ಹೋಬಳಿಯಲ್ಲಿ ಪೌತಿ ಖಾತೆ ಅದಾಲತ್, ಪ್ರತಿ ಹೋಬಳಿಗೆ ಒಂದು ಕೊಬ್ಬರಿ ಖರೀದಿ ಕೇಂದ್ರ. ಕೊಬ್ಬರಿಯ ಬೆಂಬಲ ಬೆಲೆಯನ್ನು ಏರಿಸುವುದು ಕೇಂದ್ರ ಸರ್ಕಾರದ ಕೆಲಸ, ಅದನ್ನು ಶಾಸಕನ ಬಾಯಲ್ಲಿ ಹೇಳಿಸಿದರೆ ಜನ ನಗುತ್ತಾರೆ. ತಹಶೀಲ್ದಾರರನ್ನೂ ಕಂದಾಯ ನಿರೀಕ್ಷಕರನ್ನೂ ಗ್ರಾಮ ಲೆಕ್ಕಿಗರನ್ನೂ ಒಂದು ದಿನ ನಾಡಕಚೇರಿಯಲ್ಲಿ ಕೂರಿಸುವುದು ಶಾಸಕನಿಂದ ಆಗುವ ಕೆಲಸ. ಮೇಲಾಗಿ ಇದಕ್ಕೆ ಹೊಸ ಹಣ ಬೇಕಿಲ್ಲ. ಸುಬ್ರಮಣಿಯಂ ಬಾಲಾಜಿ ಪ್ರಕರಣದಲ್ಲಿ 2013ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ನಂತರ ಚುನಾವಣಾ ಆಯೋಗ ಮಾದರಿ ನೀತಿ ಸಂಹಿತೆಯಲ್ಲಿ ಪ್ರಣಾಳಿಕೆಯ ಬಗ್ಗೆ ಒಂದು ಭಾಗವನ್ನೇ ಸೇರಿಸಿ, ಭರವಸೆಗೆ ಬೇಕಾದ ಹಣವನ್ನು ಹೇಗೆ ಹೊಂದಿಸುತ್ತೀರೆಂಬುದನ್ನು ಸ್ಥೂಲವಾಗಿಯಾದರೂ ಸೂಚಿಸಬೇಕೆಂದು ಹೇಳಿದೆ. ಅದು ಪಕ್ಷಗಳ ಪ್ರಣಾಳಿಕೆಗೆ ಸಂಬಂಧಿಸಿದ್ದಾದರೂ, ದುಡ್ಡು ಎಲ್ಲಿಂದ ತರುತ್ತೀರಿ ಎಂಬ ಪ್ರಶ್ನೆಯನ್ನು ಆ ವರ್ಷ ಹಳ್ಳಿಯ ಮುದುಕರೂ ಕೇಳುತ್ತಿದ್ದರು. ನಮ್ಮ ಕಾರ್ಯಕರ್ತರಿಗೆ ಆ ಪ್ರಶ್ನೆಗೆ ತಡವರಿಸದೆ ಉತ್ತರಿಸುವ ಭಾಗ್ಯ ಸಿಕ್ಕಿತು.

ಅಭ್ಯರ್ಥಿಯನ್ನು ಒಪ್ಪಿಸುವುದು ಇದೆಲ್ಲಕ್ಕಿಂತ ಕಷ್ಟವಾಯಿತು. ಜೀವನಚರಿತ್ರೆಯನ್ನು ಆರು ಸಾಲಿಗೆ ಇಳಿಸಿದ್ದನ್ನು ನೋಡಿ ಅವರು ಬಹಳ ಹೊತ್ತು ಮಾತಾಡಲಿಲ್ಲ. ‘ದೇವಸ್ಥಾನದ ಕೆಲಸ ನಾನು ಓಟಿಗಾಗಿ ಮಾಡಿದ್ದಲ್ಲ, ಆದರೆ ಮಾಡಿದ್ದನ್ನು ಹೇಳಬಾರದೆ?’ ಎಂದು ಕೇಳಿದರು. ಆ ಊರುಗಳಲ್ಲಿ ಅದು ಎಲ್ಲರಿಗೂ ಗೊತ್ತಿದೆ, ಬೇರೆ ಊರುಗಳಲ್ಲಿ ಅದರಿಂದ ನಮ್ಮೂರಿಗೆ ಏನು ಮಾಡಿದರು ಎಂಬ ಪ್ರಶ್ನೆ ಹುಟ್ಟುತ್ತದೆ ಎಂದು ಅವರ ಪತ್ನಿಯೇ ಹೇಳಿದ ಮೇಲೆ ವಿಷಯ ಮುಗಿಯಿತು. ಎದುರಾಳಿಯ ಕೌಟುಂಬಿಕ ವಿಚಾರವೊಂದನ್ನು ಎತ್ತಬೇಕೆಂಬ ಒತ್ತಾಯ ಬೇರೆ ಇತ್ತು. ಪ್ರಜಾ ಪ್ರಾತಿನಿಧ್ಯ ಕಾಯ್ದೆಯ 123(4)ನೇ ಸೆಕ್ಷನ್ ಪ್ರಕಾರ ಅಭ್ಯರ್ಥಿಯ ವೈಯಕ್ತಿಕ ನಡತೆಯ ಬಗ್ಗೆ ಸುಳ್ಳೆಂದು ತಿಳಿದೂ ಪ್ರಕಟಿಸುವುದು ಭ್ರಷ್ಟ ಆಚರಣೆಯಾಗುತ್ತದೆ, ಗೆದ್ದರೂ ಆಯ್ಕೆ ಅಸಿಂಧುವಾಗಬಹುದು ಎಂದು ವಕೀಲರು ವಿವರಿಸಿದರು. ಧರ್ಮ, ಜಾತಿ, ಭಾಷೆಯ ಹೆಸರಿನಲ್ಲಿ ಮತ ಕೇಳುವುದರ ಬಗ್ಗೆ 2017ರ ಅಭಿರಾಮ್ ಸಿಂಗ್ ಪ್ರಕರಣದ ತೀರ್ಪು ಇನ್ನೂ ಬಿಗಿಯಾದದ್ದು. ಕಾನೂನಿನ ಮಾತು ಹಾಗಿರಲಿ, ವೈಯಕ್ತಿಕ ಕೆಸರನ್ನು ಎರಚಿದ ದಿನ ಊರಿನ ಬಾಯಲ್ಲಿ ಪೌತಿ ಖಾತೆ ಇರುವುದಿಲ್ಲ, ಆ ಕೆಸರೇ ಇರುತ್ತದೆ ಎಂಬುದು ನನ್ನ ಆಕ್ಷೇಪವಾಗಿತ್ತು.

ಮಾತನ್ನು ಅಚ್ಚಿಗೆ ಕಳಿಸುವ ಮೊದಲು ಪರೀಕ್ಷೆ ಮಾಡಿದ ಬಗೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಒಂದು ಊರಿನಲ್ಲಿ ನಾಲ್ಕೈದು ಮನೆಗಳವರಿಗೆ ಅಭ್ಯರ್ಥಿಯ ಮಾತನ್ನು ಹೇಳಿ ಬರುತ್ತಿದ್ದೆವು. ಕೆಲವು ದಿನ ಬಿಟ್ಟು, ಬೇರೆ ಹುಡುಗರು ಅದೇ ಊರಿನ ಬೇರೆ ಮನೆಗಳಿಗೆ ಹೋಗಿ, ಇವರು ಏನೋ ಮಾಡುತ್ತಾರಂತಲ್ಲ ಎಂದು ಅಮಾಯಕರಂತೆ ಕೇಳುತ್ತಿದ್ದರು. ಮೊದಲ ಸುತ್ತಿನಲ್ಲಿ ನಮಗೆ ಸಿಕ್ಕ ಉತ್ತರಗಳು ಗಾಬರಿ ಹುಟ್ಟಿಸಿದವು. ಒಂದು ಊರಿನಲ್ಲಿ ನಮ್ಮ ಅಭ್ಯರ್ಥಿ ಸಾಲ ಮನ್ನಾ ಮಾಡಿಸುತ್ತಾರೆಂಬ ಸುದ್ದಿಯಾಗಿತ್ತು; ಇನ್ನೊಂದರಲ್ಲಿ ಅಣ್ಣತಮ್ಮಂದಿರ ಆಸ್ತಿಯನ್ನು ಭಾಗ ಮಾಡಿಸಿಕೊಡುತ್ತಾರೆ ಎಂದು ಹಬ್ಬಿ, ಭಾಗ ಬೇಡದ ಮನೆಗಳವರು ಸಿಟ್ಟಾಗಿದ್ದರು. ಮಾತು ಕೈಬದಲಾಗುವಾಗ ಎಲ್ಲಿ ಮುರಿಯುತ್ತದೆ ಎಂಬುದು ಇದರಿಂದ ತಿಳಿಯಿತು. ಖಾತೆ ಎಂಬುದು ಬ್ಯಾಂಕನ್ನು ನೆನಪಿಸುತ್ತಿತ್ತು, ಅದಾಲತ್ ಎಂಬುದು ವ್ಯಾಜ್ಯವನ್ನು. ತಿದ್ದಿ ತಿದ್ದಿ ಕೊನೆಗೆ ನಿಂತ ವಾಕ್ಯ ಇದು: ‘ತೀರಿಹೋದವರ ಹೆಸರಿನಲ್ಲಿರುವ ಪಹಣಿ ವಾರಸುದಾರರ ಹೆಸರಿಗೆ, ನಿಮ್ಮ ಹೋಬಳಿಯಲ್ಲೇ, ಆರು ತಿಂಗಳೊಳಗೆ.’ ಎರಡನೆಯ ಸುತ್ತಿನಲ್ಲಿ ಇದು ಹೆಚ್ಚು ಕೆಡದೆ ಹಿಂದಿರುಗಿತು.

ವಾರಸುದಾರರು ಎಂದ ಕೂಡಲೇ ನಾವು ಎಣಿಸದಿದ್ದ ಪ್ರಶ್ನೆಯೊಂದು ಎದ್ದಿತು. ಸ್ತ್ರೀಶಕ್ತಿ ಸಂಘದ ಸಭೆಯೊಂದರಲ್ಲಿ ನಡುವಯಸ್ಸಿನ ಹೆಣ್ಣುಮಗಳೊಬ್ಬರು, ‘ಹಂಗಾದ್ರೆ ತವರುಮನೆ ಪಹಣೀಲಿ ನಮ್ಮ ಹೆಸರೂ ಬತ್ತದಾ?’ ಎಂದು ಕೇಳಿದರು. ಕರ್ನಾಟಕದಲ್ಲಿ 1994ರಿಂದಲೇ ರಾಜ್ಯದ ತಿದ್ದುಪಡಿಯ ಮೂಲಕ, 2005ರಿಂದ ಕೇಂದ್ರದ ತಿದ್ದುಪಡಿಯ ಮೂಲಕ ಹಿಂದೂ ಕುಟುಂಬಗಳಲ್ಲಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹಕ್ಕಿದೆ. ಪೌತಿ ಖಾತೆ ಎಲ್ಲ ವಾರಸುದಾರರ ಹೆಸರಿಗೂ ಜಂಟಿಯಾಗಿಯೇ ಆಗಬೇಕು. ಎಷ್ಟೋ ಮನೆಗಳಲ್ಲಿ ಪಹಣಿ ಬದಲಾಗದೆ ಉಳಿದಿರುವುದಕ್ಕೆ ಅಸಡ್ಡೆಗಿಂತ ಇದೇ ಕಾರಣವೆಂಬುದು ಗಂಡಸರಿಗೆಲ್ಲ ಗೊತ್ತಿತ್ತು. ತಂಡದಲ್ಲಿ ದೊಡ್ಡ ಜಗಳವೇ ನಡೆಯಿತು. ಆ ಪ್ರಶ್ನೆ ಬಂದರೆ ಕಾನೂನು ಪ್ರಕಾರ ಮಾಡುತ್ತೇವೆ ಎಂದಷ್ಟೇ ಹೇಳಿ ಜಾರಿಕೊಳ್ಳಬೇಕೆಂದು ಹಿರಿಯ ಮುಖಂಡರು ಹೇಳಿದರು. ಹೆಣ್ಣುಮಕ್ಕಳ ಸಭೆಯಲ್ಲಿ ಹೌದೆಂದು, ಅರಳಿಕಟ್ಟೆಯಲ್ಲಿ ಇಲ್ಲವೆಂದು ಹೇಳೋಣ ಎಂದವರೂ ಇದ್ದರು. ಸಂಜೆ ಊಟಕ್ಕೆ ಕುಳಿತಾಗ ಗಂಡ ಹೆಂಡಿರಿಬ್ಬರೂ ಮಾತಾಡಿಕೊಳ್ಳುತ್ತಾರೆಂಬುದನ್ನು ಅವರು ಮರೆತಿದ್ದರು. ಕೇಳಿದವರಿಗೆ ಎಲ್ಲ ವಾರಸುದಾರರ ಹೆಸರೂ ಬರುತ್ತದೆಂದು ಸ್ಪಷ್ಟವಾಗಿ ಹೇಳಬೇಕು, ಕರಪತ್ರದಲ್ಲಿಯೂ ಎಲ್ಲ ವಾರಸುದಾರರು ಎಂದೇ ಬರೆಯಬೇಕು ಎಂದು ಅಭ್ಯರ್ಥಿ ಕೊನೆಗೆ ನಿರ್ಧರಿಸಿದರು. ಅದರಿಂದ ಕೆಲವು ಮನೆಗಳ ಬಾಗಿಲು ನಮಗೆ ಮುಚ್ಚಿದ್ದು ನಿಜ. ಅಭ್ಯರ್ಥಿಯ ಮೇಲೆ ನನಗೆ ಗೌರವ ಮೂಡಿದ್ದು ಆ ದಿನ.

ಅಚ್ಚಿನ ವಿಷಯದಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ. ಎಂಟು ಪುಟ ಹೋಗಿ ಎರಡು ಮಗ್ಗುಲಿನ ಒಂದೇ ಹಾಳೆ ಆಯಿತು, ಅಕ್ಷರ ದೊಡ್ಡದಾಯಿತು. ಪ್ರಜಾ ಪ್ರಾತಿನಿಧ್ಯ ಕಾಯ್ದೆಯ 127ಎ ಸೆಕ್ಷನ್ ಪ್ರಕಾರ ಮುದ್ರಕರ ಹಾಗೂ ಪ್ರಕಾಶಕರ ಹೆಸರು, ವಿಳಾಸ ಹಾಳೆಯ ಮೇಲಿರಬೇಕು, ಪ್ರತಿಗಳ ಲೆಕ್ಕ ಅಧಿಕಾರಿಗಳಿಗೆ ಹೋಗಬೇಕು; ಮೊಬೈಲಿಗೆ ಕಳಿಸುವ ಧ್ವನಿ ಸಂದೇಶಕ್ಕೂ ಸಾಮಾಜಿಕ ಜಾಲತಾಣದ ಜಾಹೀರಾತಿಗೂ ಜಿಲ್ಲೆಯ ಮಾಧ್ಯಮ ಪ್ರಮಾಣೀಕರಣ ಸಮಿತಿಯ ಒಪ್ಪಿಗೆ ಮೊದಲೇ ಪಡೆಯಬೇಕು. ಅಭ್ಯರ್ಥಿಯ ವೆಚ್ಚದ ಮಿತಿ 40 ಲಕ್ಷ ರೂಪಾಯಿ, ಚುನಾವಣಾ ಆಯೋಗದ ವೆಚ್ಚ ವೀಕ್ಷಕರ ಕಡೆಯಿಂದ ಇನ್ನೊಂದು ಲೆಕ್ಕದ ಪುಸ್ತಕ ಸಮಾನಾಂತರವಾಗಿ ನಡೆಯುತ್ತಿರುತ್ತದೆ. ಮಾತು ಕಡಿಮೆಯಾದಷ್ಟೂ ಖರ್ಚೂ ಕಡಿಮೆ ಎಂಬುದು ಖಜಾಂಚಿಗೆ ಬಹಳ ಹಿಡಿಸಿತು.

ಕಾರ್ಯಕರ್ತರ ತರಬೇತಿಗೆ ಮಾತ್ರ ಹೆಚ್ಚು ಹೊತ್ತು ಕೊಟ್ಟೆವು. ಒಬ್ಬ ಕಾರ್ಯಕರ್ತ, ಎದುರಿಗೆ ಮುನಿದ ಮತದಾರನ ಪಾತ್ರದಲ್ಲಿ ಇನ್ನೊಬ್ಬ. ನಿಮ್ಮ ಪಕ್ಷ ಅಧಿಕಾರದಲ್ಲಿದ್ದಾಗ ಏನು ಮಾಡಿದಿರಿ, ಹೋದ ಸಲ ಗೆದ್ದವರು ಪಕ್ಷ ಬಿಟ್ಟು ಹೋಗಲಿಲ್ಲವೇ ಎಂಬ ಪ್ರಶ್ನೆಗಳಿಗೆ ಸಿಟ್ಟಾಗದೆ, ಎರಡು ಮಾತಿನಲ್ಲಿ ಉತ್ತರಿಸಿ, ಮತ್ತೆ ಪಹಣಿಯ ಮಾತಿಗೆ ಬರಬೇಕು. ಇದರಲ್ಲಿ ಪುರುಷ ಕಾರ್ಯಕರ್ತರಿಗಿಂತ ಡೇರಿಯ ಕಾರ್ಯದರ್ಶಿಯಾಗಿದ್ದ, ಸಂಘ ನಡೆಸಿ ಅಭ್ಯಾಸವಿದ್ದ ಹೆಣ್ಣುಮಕ್ಕಳು ಬಹಳ ಮುಂದಿದ್ದರು. 80 ವರ್ಷ ದಾಟಿದವರಿಗೆ ಆ ಚುನಾವಣೆಯಲ್ಲಿ ಮನೆಯಿಂದಲೇ ಮತ ಹಾಕುವ ಅವಕಾಶವಿದ್ದುದರಿಂದ, ಅವರ ಮನೆಗಳಿಗೆ ಉಳಿದವರಿಗಿಂತ ಮೊದಲೇ ಹೋಗಬೇಕಾಗಿತ್ತು; ಪಹಣಿಯ ಇತಿಹಾಸವನ್ನೆಲ್ಲ ಬಲ್ಲವರೂ ಅವರೇ ಆದ್ದರಿಂದ ಒಂದೊಂದು ಮನೆಯಲ್ಲಿ ಗಂಟೆಗಟ್ಟಲೆ ಕಳೆದುಹೋಗುತ್ತಿತ್ತು.

ಕೊನೆಯ ಹತ್ತು ದಿನಗಳಲ್ಲಿ ಕ್ಷೇತ್ರದ ಮಾತು ಕ್ಷೇತ್ರದ ಕೈಯಲ್ಲಿ ಉಳಿಯುವುದಿಲ್ಲ. ಮೇ 2ರಂದು ಕಾಂಗ್ರೆಸ್ ಪ್ರಣಾಳಿಕೆಯಲ್ಲಿ ಬಜರಂಗದಳದಂಥ ಸಂಘಟನೆಗಳ ನಿಷೇಧದ ಮಾತು ಬಂದದ್ದೇ ತಡ, ವಾಹಿನಿಗಳಲ್ಲಿಯೂ ಮೊಬೈಲುಗಳಲ್ಲಿಯೂ ಬೇರೆ ವಿಷಯವೇ ಇಲ್ಲವಾಯಿತು. ರಾಜ್ಯ ಕಚೇರಿಯಿಂದ ದಿನಕ್ಕೊಂದು ಹೊಸ ಸಾಲು ಬರುತ್ತಿತ್ತು, ಅದನ್ನೇ ಎಲ್ಲರೂ ಹೇಳಬೇಕೆಂಬ ಸೂಚನೆಯೂ ಬರುತ್ತಿತ್ತು. ವೇದಿಕೆಯ ಭಾಷಣದಲ್ಲಿ ರಾಜ್ಯದ ಸಾಲು, ಮನೆಮನೆಯ ಭೇಟಿಯಲ್ಲಿ ನಮ್ಮ ಸಾಲು ಎಂದು ವಿಂಗಡಿಸಿಕೊಂಡು ಹೇಗೋ ನಿಭಾಯಿಸಿದೆವು. ಅದೇ ವಾರ ಎದುರಾಳಿಯ ಕರಪತ್ರದಲ್ಲಿಯೂ ಪೌತಿ ಖಾತೆಯ ಒಂದು ಸಾಲು ಕಾಣಿಸಿಕೊಂಡಿತು. ಹುಡುಗರು ಕಳ್ಳತನವೆಂದು ಕೂಗಾಡಿದರು. ನನಗೆ ಮಾತ್ರ ಅದು ನಮ್ಮ ಮಾತು ಊರಿಂದೂರಿಗೆ ಓಡಾಡಿದೆ ಎಂಬುದಕ್ಕೆ ಸಿಕ್ಕ ಮೊದಲ ಖಚಿತ ಪುರಾವೆಯಾಗಿತ್ತು.

ಪಟ್ಟಣಕ್ಕೆ ಹೊಂದುವ ಮಾತೊಂದು ನಮಗೆ ಕೊನೆಯವರೆಗೂ ಸಿಗಲಿಲ್ಲ. ಒಳಚರಂಡಿ, ಕುಡಿಯುವ ನೀರು, ಬಾಡಿಗೆ, ಆಸ್ತಿಯ ಇ-ಖಾತೆ ಎಂದು ಒಂದೊಂದು ವಾರ್ಡಿನಲ್ಲಿ ಒಂದೊಂದು ಗೋಳು. ಅವೆಲ್ಲವನ್ನೂ ಒಂದು ವಾಕ್ಯಕ್ಕೆ ತರಲು ಹೋದಾಗಲೆಲ್ಲ ಹಳೆಯ ಕರಡಿನ ‘ಮಾದರಿ ತಾಲ್ಲೂಕಿ’ನಂತೆ ‘ಮಾದರಿ ಪಟ್ಟಣ’ವೇ ಮರಳಿ ಬರುತ್ತಿತ್ತು.

ಮೇ 13ರಂದು ರಾಜ್ಯದ 224 ಸ್ಥಾನಗಳಲ್ಲಿ ಕಾಂಗ್ರೆಸ್ 135, ಬಿಜೆಪಿ 66, ಜೆಡಿಎಸ್ 19 ಗೆದ್ದವು. ನಮ್ಮ ಅಭ್ಯರ್ಥಿ ಸೋತರು. ಮತಗಟ್ಟೆವಾರು ಲೆಕ್ಕ ಕೊಡುವ ನಮೂನೆ 20 ಕೈಗೆ ಬಂದ ಮೇಲೆ, ನಮ್ಮ ಭೇಟಿಗಳ ಪುಸ್ತಕವನ್ನು ಪಕ್ಕಕ್ಕಿಟ್ಟುಕೊಂಡು ಹೋಬಳಿವಾರು ಹೋಲಿಸಿದೆವು. ಕೊಬ್ಬರಿಯ ಹೋಬಳಿಗಳಲ್ಲಿ ಹಿಂದಿನ ಚುನಾವಣೆಗಿಂತ ನಮ್ಮ ಮತ ಏರಿತ್ತು, ಪಟ್ಟಣದಲ್ಲಿ ಇಳಿದಿತ್ತು, ಸೋಲಿನ ಅಂತರ ಹುಟ್ಟಿದ್ದು ಪಟ್ಟಣದಲ್ಲಿಯೇ. ಆದರೆ ಹಳ್ಳಿಗಳ ಏರಿಕೆಯೆಲ್ಲ ಮಾತಿನಿಂದಲೇ ಆಯಿತೆಂದು ಹೇಳುವಷ್ಟು ಆ ಲೆಕ್ಕ ಶುದ್ಧವಾಗಿರಲಿಲ್ಲ. ಹೆಣ್ಣುಮಕ್ಕಳು ಮುಂದಾಗಿ ಪ್ರಚಾರ ಮಾಡಿದ ಕೆಲವು ಮತಗಟ್ಟೆಗಳಲ್ಲಿ ಚೆನ್ನಾಗಿ ಬಂದಿತ್ತು, ಅಂಥವೇ ಇನ್ನು ಕೆಲವು ಕಡೆ ಏನೂ ಬದಲಾಗಿರಲಿಲ್ಲ. ವಾರಸುದಾರರ ಮಾತಿಗೆ ಅತಿ ಹೆಚ್ಚು ವಿರೋಧ ಕೇಳಿಬಂದಿದ್ದ ಊರಿನಲ್ಲಿ ಮತ ಹೆಚ್ಚಾಗಿತ್ತು. ಅದು ಹೆಂಗಸರ ಮತವೋ ಜಾತಿಯ ಲೆಕ್ಕವೋ ಎಂಬುದನ್ನು ನಮೂನೆ 20 ಹೇಳುವುದಿಲ್ಲ. ಹಿರಿಯ ಮುಖಂಡರು ಜಾತಿಯದೇ ಎಂದರು, ಡೇರಿಯ ಕಾರ್ಯದರ್ಶಿ ಅಲ್ಲವೆಂದರು. ಇಬ್ಬರ ಮಾತನ್ನೂ ಪುಸ್ತಕದಲ್ಲಿ ಬರೆದುಕೊಂಡಿದ್ದೇನೆ.

ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿಯೇ ಮುಗಿದಿದ್ದರೂ ಚುನಾವಣೆ ಆಗಿನ್ನೂ ನಡೆದಿರಲಿಲ್ಲ, ಯಾವ ಗಳಿಗೆಯಲ್ಲಾದರೂ ಬರಬಹುದೆಂದು ಎಲ್ಲರೂ ಕಾಯುತ್ತಿದ್ದರು. ಫಲಿತಾಂಶ ಬಂದ ಕೆಲವೇ ವಾರಗಳಲ್ಲಿ ಪಂಚಾಯಿತಿಯ ಆಕಾಂಕ್ಷಿಗಳೂ ಪಟ್ಟಣದ ಸ್ಥಳೀಯ ಸಂಸ್ಥೆಗೆ ನಿಲ್ಲಬಯಸುವವರೂ ಕರಪತ್ರದ ಕರಡು ಹಿಡಿದುಕೊಂಡು ಬರತೊಡಗಿದರು. ಅವರಿಗೆಲ್ಲ ನಾನು ಕೊಟ್ಟ ಕೆಲಸ ಒಂದೇ: ತಮ್ಮ ಕ್ಷೇತ್ರದ ಪ್ರತಿ ಊರಿನಲ್ಲಿ, ಪಟ್ಟಣವಾದರೆ ಪ್ರತಿ ಬೀದಿಯಲ್ಲಿ, ಹತ್ತು ಮನೆಗಳವರು ಕಳೆದ ಸಲ ಸರ್ಕಾರಿ ಕಚೇರಿಗೆ ಹೋದದ್ದು ಯಾತಕ್ಕೆ, ಆ ಕೆಲಸ ಆಯಿತೇ ಎಂಬುದನ್ನು ಅವರ ಮಾತಿನಲ್ಲಿಯೇ ಬರೆದು ತರಬೇಕು. ಬರೆದು ತಂದವರು ಇಬ್ಬರೇ. ಅವರಲ್ಲಿ ಒಬ್ಬರು ಪಟ್ಟಣದವರು. ಅವರ ಪುಸ್ತಕದಲ್ಲಿ ಹಿಂದಿನ ಸಲ ನಮಗೆ ಸಿಗದಿದ್ದ ಸಂಗತಿಗಳಿವೆ, ಅವನ್ನು ಓದುತ್ತಿದ್ದೇನೆ.